ಡಾಕ್ಟರ ಗಾಡಿ

ಬೆಳಿಗ್ಗೆ ಒಂಬತ್ತೂವರೆಗೆ ಇಳಕಲ್ಲಿನಿಂದ ಹುನಗುಂದದ ಕೋರ್ಟಿಗೆ ಹೊರಟಿದ್ದೆ. ಊರು ದಾಟಿದ ಮೇಲೆ ಬೇವಿನ ಮರದ ಹತ್ತಿರ ಒಬ್ಬ ಮುದುಕಿ ಎರಡೂ ಕೈ ಎತ್ತಿ ಗಾಡಿಗೆ ಅಡ್ಡ ನಿಂತಳು. ಬ್ರೇಕ್ ಹಾಕಿದೆ. ಅವಳು ಅವಸರವಿಲ್ಲದೆ ಸುತ್ತಿ ಬಂದು, ಬಾಗಿಲು ತೆಗೆದು, ನನ್ನ ಪಕ್ಕದ ಸೀಟಿನ ಮೇಲಿದ್ದ ಕೇಸಿನ ಕಾಗದಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಆಮೇಲೆ ಬಾಯಿ ತೆರೆದು ನಾಲಿಗೆ ಚಾಚಿದಳು.

ನಾನು ಆ ನಾಲಿಗೆಯನ್ನು ನೋಡಿದೆ. (ಬೇರೆ ದಾರಿಯಿರಲಿಲ್ಲ. ಅದು ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು.)

"ಏನಬೇ ಯವ್ವಾ ಇದು?" ಅಂದೆ.

"ಮೂರು ದಿನದಿಂದ ಬಾಯಿಗೆ ರುಚಿನ ಇಲ್ಲೋ ಯಪ್ಪಾ. ನೋಡು, ಬೆಳ್ಳಗ ಆಗೇತಿಲ್ಲ?"

"ನಾ ಡಾಕ್ಟರ್ ಅಲ್ಲಬೇ, ವಕೀಲ. ಕರೀ ಕೋಟು ಕಾಣವಲ್ದೇನು?"

ಸತ್ಯವ್ವ ಎಂಬ ಆ ಮುದುಕಿ ನಾಲಿಗೆಯನ್ನು ಒಳಗೆಳೆದುಕೊಂಡು ನನ್ನನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿದಳು. "ಹಂಗಾರ ಡಾಕ್ಟರ ಗಾಡಿ ನಿನ್ನ ಕೈಯಾಗ ಹೆಂಗ ಬಂತು? ಕೇಸ್ ಹಾಕಿ ಕಸಗೊಂಡೇನು?"

ಗಾಡಿಯನ್ನು ನಾನು ಕಸಿದುಕೊಂಡಿರಲಿಲ್ಲ. ಇಳಕಲ್ಲಿನಲ್ಲಿ ದವಾಖಾನೆ ನಡೆಸುತ್ತಿದ್ದ ಡಾಕ್ಟರ್ ರಾಚಪ್ಪ, ಬಾಗಲಕೋಟೆಯಲ್ಲಿ ದೊಡ್ಡ ದವಾಖಾನೆ ತೆರೆದು ಅಲ್ಲಿಗೇ ಹೋದರು. ಹೋಗುವಾಗ ಮೂರು ವರ್ಷ ಓಡಿಸಿದ ತಮ್ಮ ಬಿಳಿ ಮಾರುತಿಯನ್ನು ನನಗೆ ಮಾರಿದರು. ಇದು ಎಂಬತ್ತೆಂಟನೆಯ ಇಸವಿಯ ಸಂಕ್ರಾಂತಿಯ ಮಾತು. ಹಿಂದಿನ ಬಾಗಿಲು ಮೇಲಕ್ಕೆ ತೆರೆದುಕೊಳ್ಳುವ ಚಿಕ್ಕ ಗಾಡಿ, ಆದರೆ ಕಾಲಿಟ್ಟರೆ ಹಾರುವಂಥದು. ಊರಿನ ಅಂಬಾಸಿಡರುಗಳು ಕೆಮ್ಮಿ ಕ್ಯಾಕರಿಸಿ ಎದ್ದೇಳುವಷ್ಟರಲ್ಲಿ ಇದು ಅರ್ಧ ಹಾದಿ ಮುಟ್ಟಿರುತ್ತಿತ್ತು. ಕರಾರುಪತ್ರವನ್ನು ನಾನೇ ಬರೆದಿದ್ದೆ: "ಸದರಿ ವಾಹನದ ಮೇಲೆ ಸದರಿ ಮಾರಾಟಗಾರರಿಗಾಗಲಿ ಅವರ ವಾರಸುದಾರರಿಗಾಗಲಿ ಯಾವುದೇ ಹಕ್ಕು, ಸಂಬಂಧ, ಮಮಕಾರ ಉಳಿದಿರುವುದಿಲ್ಲ." ಮಮಕಾರ ಎಂಬ ಶಬ್ದ ಕಾನೂನಿನಲ್ಲಿಲ್ಲ. ಮುಂದಾಲೋಚನೆಯಿಂದ ಸೇರಿಸಿದ್ದೆ.

ಆದರೆ ಕರಾರುಪತ್ರವನ್ನು ದಾರಿಯ ಹಳ್ಳಿಗಳಲ್ಲಿ ಯಾರೂ ಓದಿರಲಿಲ್ಲ. ಡಾಕ್ಟರಿಗೆ ಒಂದು ಪದ್ಧತಿಯಿತ್ತು. ಹಳ್ಳಿಯ ದಾರಿಗಳು ಸೇರುವ ಕೂಟಿನಲ್ಲಿ ಗಾಡಿ ನಿಲ್ಲಿಸಿ ಎರಡು ಸಲ ಹಾರ್ನ್ ಬಾರಿಸುತ್ತಿದ್ದರು. ಬೇನೆಬಿದ್ದವರು ಗಾಡಿಯ ಹತ್ತಿರ ಬರುತ್ತಿದ್ದರು. ಕಿಟಕಿಯಿಂದಲೇ ನಾಡಿ ಹಿಡಿದು, ನಾಲಿಗೆ ನೋಡಿ, ಗುಳಿಗೆ ಕೊಟ್ಟು ಮುಂದಿನ ಹಳ್ಳಿಗೆ ಹೋಗುತ್ತಿದ್ದರು. ನಾನು ಎಮ್ಮೆಗೆ ದಾರಿ ಬಿಡೆಂದು ಎರಡು ಸಲ ಹಾರ್ನ್ ಬಾರಿಸಿದರೆ ಎಮ್ಮೆ ಅಲ್ಲಾಡುತ್ತಿರಲಿಲ್ಲ, ಊರಿನ ಅರ್ಧ ಜನ ಕೆಮ್ಮುತ್ತ ಓಡಿ ಬರುತ್ತಿದ್ದರು.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಮನೆಯಲ್ಲಿತ್ತು.

ನನ್ನ ಹೆಂಡತಿ ನೀಲಾಬಾಯಿ, ಇಳಕಲ್ಲಿನ ಆಚೆ ಬದಿಯ ಹಳ್ಳಿಯೊಂದರಲ್ಲಿ ಕನ್ನಡ ಸಾಲಿಯಲ್ಲಿ ಪಾಠ ಹೇಳುವ ಬಾಯಾರು. ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ಸಂಜೆ ನಾನು ಮನೆಯ ಮುಂದೆ ಗಾಡಿ ನಿಲ್ಲಿಸಿದರೆ ಒಳಗಿನಿಂದ ಅವಳ ಧ್ವನಿ ಕೇಳುತ್ತದೆ: "ಡಾಕ್ಟರ ಗಾಡಿ ಬಂತು, ಚಾಕ್ಕ ಇಡಬೇಕು."

"ನಮ್ಮ ಗಾಡಿ ಅನ್ನಾಕ ನಿನಗೇನು ಬ್ಯಾನಿ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಡಾಕ್ಟರ ಗಾಡಿ ಅಂದ್ರ ಗಾಡಿ ಏನು ಸವದು ಹೊಕ್ಕೈತೇನ್ರಿ? ನನಗ ದಮ್ಮು ಹತ್ತಿದಾಗ ಇದ ಗಾಡಿ ಬಾಗಿಲಿಗೆ ಬಂದು ನಿಂತಿತ್ತು. ಡಾಕ್ಟರು ಸೂಜಿ ಮಾಡಿ ಜೀಂವಾ ಉಳಿಸಿದ್ರು. ನೀವು ಆವಾಗ ಎಲ್ಲಿದ್ರಿ?"

"ಬಿಜಾಪುರದಾಗ. ಜಿಲ್ಲಾ ಕೋರ್ಟಿನ್ಯಾಗ ಕೆಲಸಿತ್ತು."

"ಹೂಂ, ಇರತೈತಿ. ಡಾಕ್ಟರು ಗಾಡಿ ಹೊಡಿಯೂದು ನೋಡಬೇಕ್ರಿ. ಎರಡ ಬೆರಳಿನ್ಯಾಗ ತಿರಗಸ್ತಿದ್ರು. ನೀವು ನೋಡಿದ್ರ ಓಡಿಹೋಗೂ ಹೋರಿ ಕೋಡು ಹಿಡದಂಗ ಹಿಡೀತೀರಿ."

ಒಬ್ಬ ಮನುಷ್ಯನ ಆಸ್ತಿ, ರೂಪ, ಪದವಿ ಕಂಡು ಹೊಟ್ಟೆಕಿಚ್ಚು ಪಡುವವರನ್ನು ನೋಡಿದ್ದೇನೆ. ನಾನು ಒಬ್ಬ ಮನುಷ್ಯನ ಎರಡು ಬೆರಳುಗಳ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಆ ರಾತ್ರಿಯೇ ಸಂಕಲ್ಪ ಮಾಡಿದೆ. ಈ ಗಾಡಿಯನ್ನು ಹೆತ್ತ ಕಾರ್ಖಾನೆಯೂ ಗುರುತಿಸದಂತೆ ಬದಲಿಸಬೇಕು. ನೀಲಾಬಾಯಿಯ ಬಾಯಿಂದ, ನಾಲ್ಕು ಜನರ ಎದುರು, "ನಮ್ಮ ಗಾಡಿ" ಎಂಬ ಎರಡು ಶಬ್ದ ಹೊರಡಿಸಬೇಕು. ಅಲ್ಲಿಯವರೆಗೆ ವಿಶ್ರಾಂತಿಯಿಲ್ಲ.

ಹೆದ್ದಾರಿಯ ಬದಿಗೆ ಮುರ್ತುಜಸಾಬನ ಗ್ಯಾರೇಜಿದೆ. ಅವನಿಗೆ ವಿಷಯ ಹೇಳಿದೆ.

"ಬದಲ್ ಮಾಡೂದು ಏನೈತ್ರಿ ಸಾಹೇಬ್ರ ಇದರಾಗ?" ಅಂದ ಅವನು ಬಾನೆಟ್ ಸವರುತ್ತ. "ಡಾಕ್ಟರ ಸಾಹೇಬ್ರು ಕೂಸಿನ್ಹಂಗ ಜ್ವಾಕಿ ಮಾಡ್ಯಾರ."

"ನಿನ್ನ ಕೂಸಿಗೆ ಇನ್ನ ಮ್ಯಾಲೆ ನಾ ಅಪ್ಪ. ಮೊದಲ ಹಾರ್ನ್ ಬದಲ್ ಮಾಡು."

ಅವನು ಒಂದು ಸಂಗೀತದ ಹಾರ್ನ್ ಕೂಡಿಸಿದ. ಒಮ್ಮೆ ಒತ್ತಿದರೆ ಏಳು ಸ್ವರಗಳೂ ಹೊರಬಿದ್ದು ಒಂದರ ಮೇಲೊಂದು ಬೀಳುತ್ತಿದ್ದವು. ಮರುದಿನ ಹಳ್ಳಿಯ ಕೂಟಿನಲ್ಲಿ ಬಾರಿಸಿದೆ. ಮೊದಲು ಊರೊಳಗಿನವರಷ್ಟೇ ಬರುತ್ತಿದ್ದರು. ಈಗ ಹೊಲಗಳಿಂದಲೂ ಬಂದರು. "ಡಾಕ್ಟರು ಭಾಳ ಛಲೋ ಮಾಡಿದ್ರು ನೋಡ್ರಿ. ಹಳೇದು ನಮ್ಮ ಹೊಲದ ಮಟ ಕೇಳತಿದ್ದಿಲ್ಲ," ಎಂದು ಒಬ್ಬ ರೈತ ಮೆಚ್ಚಿಕೊಂಡ.

ಮುಂದೆ ಹಳದಿ ದೀಪಗಳನ್ನು ಹಾಕಿಸಿದೆ. ಡಾಕ್ಟರು ಈಗ ಕಾಮಾಲೆಗೂ ಔಷಧಿ ಕೊಡುತ್ತಾರೆಂದು ಸುದ್ದಿ ಹಬ್ಬಿತು. ದರ್ಜಿ ಅಮಾತೆಪ್ಪನಿಂದ ಇಳಕಲ್ ಸೀರೆಯ ಅಂಚು ಹಚ್ಚಿದ ಸೀಟಿನ ಗವಸು ಹೊಲಿಸಿದೆ. ಇನ್ನು ಬಾಣಂತಿಯರನ್ನು ಗಾಡಿಯಲ್ಲೇ ನೋಡುತ್ತಾರೆಂದು ಹೆಂಗಸರು ಮಾತಾಡಿಕೊಂಡರು. ಕಡೆಗೆ ಬಿಳಿ ಬಣ್ಣ ಕೆರೆಸಿ, ಇಡೀ ಗಾಡಿಗೆ ಕೆಂಡದಂಥ ಕೆಂಪು ಬಳಿಸಿದೆ. ಮಾರನೆಯ ಬೆಳಿಗ್ಗೆ ಬೇವಿನ ಮರದ ಹತ್ತಿರ ಸತ್ಯವ್ವ ತಡೆದು ನಿಲ್ಲಿಸಿದಳು. "ದವಾಖಾನಿ ಪೆಟಗಿ ಮ್ಯಾಲಿನ ಕೆಂಪು. ಈಗ ದೂರಿಂದ ಗುರ್ತ ಹತ್ತತೈತಿ," ಅಂದಳು. ಬಾಯಿ ರುಚಿ ಇನ್ನೂ ಬಂದಿರಲಿಲ್ಲ.

ಮನೆಯಲ್ಲಿ ನೀಲಾಬಾಯಿ ಕೆಂಪು ಗಾಡಿಯನ್ನು ಒಂದು ಸುತ್ತು ಸುತ್ತಿ ನೋಡಿದಳು. ನಾನು ಅವಳ ಹಿಂದೆಯೇ ಸುತ್ತಿದೆ.

"ಪಾಪ," ಅಂದಳು. "ಡಾಕ್ಟರು ನೋಡಿದ್ರ ಭಾಳ ಬ್ಯಾಸರ ಮಾಡ್ಕೊಂತಾರ."

ಅಷ್ಟಾದರೂ ನಾನು ಎದೆಗುಂದಲಿಲ್ಲ. ಅಗಲವಾದ ಟಾಯರು ಹಾಕಿಸಿದೆ. ಚರ್ಮ ಸುತ್ತಿದ, ಗಾತ್ರದಲ್ಲಿ ಸಣ್ಣದಾದ ಸ್ಟೇರಿಂಗು ತರಿಸಿದೆ. ತಿರುವಿನಲ್ಲಿ ಗಾಡಿ ವಾಲಬಾರದೆಂದು ಸ್ಪ್ರಿಂಗುಗಳನ್ನು ಬಿಗಿ ಮಾಡಿಸಿದೆ. ಕಾರ್ಬೊರೇಟರು ಬಿಚ್ಚಿಸಿ, ತೊಳೆಸಿ, ಮತ್ತೆ ಕೂಡಿಸಿದ ಮೇಲೆ ಗಾಡಿ ಮೊದಲಿಗಿಂತ ಚುರುಕಾಯಿತು. ಬಿಗಿಯಾಗಿಯೇ ಉಳಿದದ್ದು ಮೂರನೆಯ ಗೇರು ಒಂದೇ. ಅದು ಹಿಡಿದು ನಿಲ್ಲುತ್ತಿತ್ತು, ಮಣಿಕಟ್ಟು ಒಂದು ತರಹ ತಿರುಗಿಸಿದರೆ ಮಾತ್ರ ಬೀಳುತ್ತಿತ್ತು. "ಅದು ಡಾಕ್ಟರ ಕೈಗೆ ಹೊಂದ್ಕೊಂಡೈತ್ರಿ ಸಾಹೇಬ್ರ, ನಂದೇನೂ ನಡಿಯಂಗಿಲ್ಲ," ಅಂದ ಮುರ್ತುಜಸಾಬ. ಅವನ ಜೊತೆ ಎರಡು ದಿನ ಮಾತು ಬಿಟ್ಟೆ.

ಮೇ ತಿಂಗಳಲ್ಲಿ ಬಾದಾಮಿಯಲ್ಲಿ ನೀಲಾಬಾಯಿಯ ಅಕ್ಕನ ಮಗಳ ಮದುವೆ ಬಂತು. ಅವಳ ತವರಿನ ಸಮಸ್ತರೂ ಸೇರುವ ಜಾಗ. ನಾಲ್ಕು ತಿಂಗಳಿಂದ ಕಾದ ಮಾತು ಅಲ್ಲಿ ಹೊರಡದಿದ್ದರೆ ಇನ್ನೆಲ್ಲಿ? ಗಾಡಿಯನ್ನು ಎರಡು ಸಲ ತೊಳೆಸಿ, ಮೇಣ ತಿಕ್ಕಿಸಿ, ಮುಖ ಕಾಣುವಂತೆ ಮಾಡಿಸಿ ಹೊರಟೆ. ಮದುವೆಮನೆಯ ಹಂದರದ ಮುಂದೆ ಸಂಗೀತದ ಹಾರ್ನ್ ಬಾರಿಸಿ ನಿಲ್ಲಿಸಿದೆ. ವಾಲಗದವರು ಒಂದು ಕ್ಷಣ ಗಲಿಬಿಲಿಗೊಂಡರು.

ಅತ್ತೆ ಗುರುಲಿಂಗವ್ವ ಬಾಗಿಲಿಗೆ ಬಂದಳು. "ಬರ್ರಿ ಅಳಿಯಂದ್ರ. ಡಾಕ್ಟರ ಗಾಡಿ ತಗೊಂಡ ಬಂದ್ರೇನು? ಹುಷಾರ್ ನಿಂದರಸ್ರಿ, ಮಂದಿ ಗಾಡಿ, ನಮ್ಮದಲ್ಲ."

ಅದನ್ನು ನುಂಗಿಕೊಂಡು ಊಟಕ್ಕೆ ಕುಳಿತೆ. ಎರಡನೆಯ ಹೋಳಿಗೆಯ ಹೊತ್ತಿಗೆ ಹಂದರದ ಆಚೆ ತುದಿಯಲ್ಲಿ ಒಂದು ಮುಖ ಕಂಡಿತು. ಡಾಕ್ಟರ್ ರಾಚಪ್ಪ. ಗಂಡಿನ ಕಡೆಯವರ ಸ್ನೇಹಿತರಂತೆ. ಅವರ ಹೊಸ ಗಾಡಿ ಬಾಗಲಕೋಟೆಯಲ್ಲಿ ರಿಪೇರಿಗೆ ಬಿದ್ದಿತ್ತಾದ್ದರಿಂದ ದಿಬ್ಬಣದ ಬಸ್ಸಿನಲ್ಲಿ ಬಂದಿದ್ದರು. ಅಷ್ಟರಲ್ಲಿ ಪಕ್ಕದ ಮನೆಗೆ ಫೋನ್ ಬಂತು. ಅವರ ದವಾಖಾನೆಯಲ್ಲಿ ಒಬ್ಬ ಹೆಂಗಸಿಗೆ ಹೆರಿಗೆ ಬೇನೆ ಸುರುವಾಗಿದೆ, ಕೂಸು ಅಡ್ಡ ಇದೆ, ತಕ್ಷಣ ಬರಬೇಕು.

ಡಾಕ್ಟರು ಕೈ ತೊಳೆದು ಹೊರಗೆ ಓಡಿದರು. ನಾನೂ ಹಿಂದೆ ಹೋದೆ. (ಯಾಕೆಂದು ಕೇಳಬೇಡಿ. ಗಾಡಿ ಅಲ್ಲಿತ್ತು.) ಅವರು ಅತ್ತಿತ್ತ ನೋಡಿ, ನನ್ನ ಕೆಂಪು ಗಾಡಿಯ ಮುಂದೆ ನಿಂತುಬಿಟ್ಟರು. ಟಾಯರು ನೋಡಿದರು. ದೀಪ ನೋಡಿದರು. ಬಗ್ಗಿ ಒಳಗಿನ ಸ್ಟೇರಿಂಗನ್ನೂ ನೋಡಿದರು.

"ಅಬ್ಬಾ, ಏನ್ ಗಾಡಿರಿ ವಕೀಲ್ರ ಇದು!" ಅಂದರು. "ನಾನೂ ನಿಮಗ ಒಂದು ಮಾರುತಿ ಕೊಟ್ಟಿದ್ನೆಲ್ಲ. ಇದರ ಮುಂದ ಅದು ಏನೂ ಅಲ್ಲ ಬಿಡ್ರಿ. ಯಾರದಿದು?"

ಅವರು ಗುರುತಿಸಿರಲಿಲ್ಲ, ನಂಬರಿನ ಕಡೆ ಅವರ ಕಣ್ಣೇ ಹೋಗಿರಲಿಲ್ಲ! ಬಾದಾಮಿಯ ಕೆಂಪು ಗುಡ್ಡಗಳೆಲ್ಲ ನನ್ನ ಕಡೆ ತಿರುಗಿ ತಲೆ ಬಾಗಿಸಿದಂತಾಯಿತು. ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ, ಇಡೀ ಮದುವೆಮನೆಗೆ ಕೇಳುವಂತೆ ನೀಲಾಬಾಯಿಯ ಧ್ವನಿ ಬಂತು.

"ನಮ್ಮ ಗಾಡಿರಿ ಡಾಕ್ಟರ! ನಮ್ಮ ಗಾಡಿ!"

ಕಣ್ಣಿಗೆ ನೀರು ಬರುವುದೊಂದೇ ಬಾಕಿ. ತಿರುಗಿ ನೋಡಿದೆ. ಅವಳು ಬಂದವಳೇ ನನ್ನ ಅಂಗಿಯ ಕಿಸೆಗೆ ಕೈಹಾಕಿ ಕೀಲಿ ತೆಗೆದು ಡಾಕ್ಟರ ಕೈಯಲ್ಲಿಟ್ಟಳು.

"ತಗೋರಿ, ನೀವ ಹೊಡೀರಿ. ನಮ್ಮವರು ಹೊಡದ್ರ ಕೂಸು ಹುಟ್ಟಿ ಸಾಲಿಗೆ ಹೊಕ್ಕೈತಿ."

ಹಂದರದಲ್ಲಿ ಎಲ್ಲರಿಗಿಂತ ಮೊದಲು ನಕ್ಕವಳು ಅತ್ತೆ.

"ನಾನ ಹೊಡೀತೇನಿ," ಅಂದೆ.

"ನೀವು ಹಿಂದ ಕುಂದರ್ರಿ. ಅವ್ವ ಕೊಟ್ಟ ಬುಂದಿ ಬುಟ್ಟಿ ಹಿಡಕೋರಿ, ಉರುಳೀತು. ಡಾಕ್ಟರನ್ನ ಮುಟ್ಟಿಸಿ ಹಂಗ ಊರಿಗೆ ಹೋಗೂಣು. ನಾ ಮುಂದ ಕುಂಡ್ರತೇನಿ, ಹಿಂದ ಕುಂತ್ರ ನನಗ ದಮ್ಮು ಹತ್ತತೈತಿ."

ನನ್ನ ಗಾಡಿಯ ಹಿಂದಿನ ಸೀಟಿನಲ್ಲಿ ನಾನು ಅದುವರೆಗೆ ಒಮ್ಮೆಯೂ ಕುಳಿತಿರಲಿಲ್ಲ. ಬಿಗಿ ಮಾಡಿಸಿದ ಸ್ಪ್ರಿಂಗುಗಳ ನಿಜವಾದ ಗುಣ ಅಲ್ಲಿ ಕುಳಿತವನಿಗೇ ತಿಳಿಯುತ್ತದೆ. ಪ್ರತಿ ತಗ್ಗಿಗೆ ನನ್ನ ತಲೆ ಮೇಲ್ಛಾವಣಿಗೂ ಗಲ್ಲ ಬುಂದಿ ಬುಟ್ಟಿಗೂ ತಾಗುತ್ತಿತ್ತು. ಮುಂದೆ ಡಾಕ್ಟರು ಎರಡು ಬೆರಳಿನಲ್ಲಿ ಸ್ಟೇರಿಂಗು ತಿರುಗಿಸುತ್ತ ಒಂದಾದ ಮೇಲೊಂದು ಬಸ್ಸನ್ನು ಹಿಂದೆ ಹಾಕುತ್ತಿದ್ದರು. ಮೂರನೆಯ ಗೇರು ಅವರ ಕೈಗೆ ಬೆಣ್ಣೆಯಂತೆ ಬಿತ್ತು. ಅವರು ಬಗ್ಗಿ ಗೇರಿನ ಕಡೆ ನೋಡಿದರು.

"ಬಾಯಾರ, ಇದು... ಇದು ನನ್ನ ಗಾಡಿ ಅಲ್ಲೇನ್ರಿ?"

"ಹೌದ್ರಿ. ನಿಮ್ಮದ."

"ಮೊದಲ ಯಾಕ ಹೇಳಲಿಲ್ಲ? ಅಯ್ಯ, ಎಷ್ಟ ಛಲೋ ಇಟ್ಟೀರಿ! ಸ್ಟೇರಿಂಗ್ ಎಷ್ಟ ಸಣ್ಣದು, ಎಂಜಿನ್ ಎಷ್ಟ ಚುರುಕ. ಇಷ್ಟ ಸಲೀಸ ಆದ ಮ್ಯಾಲೆ ನೀವ ಯಾಕ ಕಲೀಬಾರದು? ಬಸ್ಸಿನ ಧೂಳಿಗೇ ನಿಮಗ ದಮ್ಮು ಹತ್ತೂದು. ಅದಕ್ಕ ಇದ ಔಷಧಿ ಅಂತ ತಿಳೀರಿ."

"ನಾ ಹೊಡೀಬಹುದೇನ್ರಿ?"

"ವಕೀಲ್ರು ಕಲಸ್ತಾರ. ಏನ್ರಿ ವಕೀಲ್ರ?"

ನಾನು ಏನೋ ಹೇಳಿದೆ. ಅಷ್ಟರಲ್ಲಿ ತಗ್ಗು ಬಂತು. ಹಿಂದಿನಿಂದ ಬಂದ ಸದ್ದನ್ನು ಅವರಿಬ್ಬರೂ ಒಪ್ಪಿಗೆ ಎಂದು ತಿಳಿದರು.

ಬಾಗಲಕೋಟೆಯಲ್ಲಿ ಹೆಣ್ಣು ಕೂಸು ಕ್ಷೇಮವಾಗಿ ಹುಟ್ಟಿತು. ಡಾಕ್ಟರು ಹೊರಗೆ ಬಂದು ಬುಂದಿ ತಿಂದು, ಬಿಳಿ ಚೀಟಿಯ ಮೇಲೆ ನೀಲಾಬಾಯಿಯ ಹೆಸರು ಬರೆದು, ಕೆಳಗೆ "ದಿನಕ್ಕೆ ಒಂದು ತಾಸು ಗಾಡಿ, ಊಟದ ಮೊದಲು" ಎಂದು ಬರೆದು ಸಹಿ ಹಾಕಿಕೊಟ್ಟರು. ಹದಿನೆಂಟು ವರ್ಷದ ವಕೀಲಿಯಲ್ಲಿ ನಾನು ಎಷ್ಟೋ ದಸ್ತಾವೇಜುಗಳನ್ನು ಸುಳ್ಳೆಂದು ತೋರಿಸಿದ್ದೇನೆ. ಆ ಚೀಟಿಯ ಮುಂದೆ ನನ್ನ ಯಾವ ವಾದವೂ ನಿಲ್ಲಲಿಲ್ಲ.

ಮುಂದಿನ ಸೋಮವಾರ ನೀಲಾಬಾಯಿ ಕಲಿಯತೊಡಗಿದಳು. ಮೊದಲ ಎರಡು ದಿನ ನಾನು ಕಲಿಸಿದೆ. ನಾನು ಬಹಳ ಒದರುತ್ತೇನೆಂದು ಮೂರನೆಯ ದಿನದಿಂದ ಮುರ್ತುಜಸಾಬ ಕಲಿಸಿದ. ಜುಲೈಯಲ್ಲಿ ಲೈಸೆನ್ಸ್ ಬಂತು. ಅವಳ ಸಾಲಿ ಒಂದು ದಿಕ್ಕಿಗೆ, ನನ್ನ ಕೋರ್ಟು ಇನ್ನೊಂದು ದಿಕ್ಕಿಗೆ. ಗಾಡಿ ಸಾಲಿಗೆ ಹೋಗುತ್ತದೆ. ನಾನು ಒಂಬತ್ತು ಹತ್ತರ ಬಸ್ಸಿಗೆ ಹುನಗುಂದಕ್ಕೆ ಹೋಗುತ್ತೇನೆ.