ಕೇಕಿನ ಕಾವಲಿಗೆ ಕ್ಲೆಮ್

"ಇವತ್ತು ಸಂಜೆ ಆರರವರೆಗೆ ನಾನು ಕತ್ತೆತ್ತಿ ಆಕಾಶ ನೋಡಿದರೆ ನನ್ನ ಹೆಸರು ಕ್ಲೆಮ್ ಹ್ಯಾಡ್ಲಿಯೇ ಅಲ್ಲ!"

ಆಗಸ್ಟ್ ತಿಂಗಳ ಆ ಶನಿವಾರ ಬೆಳಿಗ್ಗೆ, ಟೋಸ್ಟಿಗೆ ಬೆಣ್ಣೆ ಸವರುವ ಚಾಕುವನ್ನೇ ಖಡ್ಗದಂತೆ ಎತ್ತಿ ಹಿಡಿದು ಕ್ಲೆಮ್ ಈ ಭೀಷ್ಮಪ್ರತಿಜ್ಞೆ ಮಾಡಿದ. ಅವನ ಹೆಂಡತಿ ಹಿಲ್ಡಾ ತಲೆ ಕೂಡ ಎತ್ತಲಿಲ್ಲ. ಬಟ್ಟಲಿಗೆ ಮೊಟ್ಟೆ ಒಡೆಯುತ್ತಲೇ ಹೇಳಿದಳು:

"ಹೋದ ವರ್ಷಾನೂ ಇದನ್ನೇ ಹೇಳಿದ್ದೆ."

"ಹೋದ ವರ್ಷದ ಕ್ಲೆಮ್ಮೇ ಬೇರೆ, ಈ ವರ್ಷದ ಕ್ಲೆಮ್ಮೇ ಬೇರೆ!"

"ಹೌದೌದು. ಒಂದು ವರ್ಷ ವಯಸ್ಸಾಗಿದೆ."

ಹೋದ ವರ್ಷದ ಕಥೆ ಲಿಂಕನ್‌ಶೈರ್‌ನ ನಮ್ಮ ಮಾರ್ಟ್‌ಬಿ ಹಳ್ಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಪ್ರತಿ ಆಗಸ್ಟಿನಲ್ಲೂ ಊರಿನ ಪ್ರದರ್ಶನ. ಯಾರ ಕುಂಬಳ ದಪ್ಪ, ಯಾರ ಹುರುಳಿಕಾಯಿ ಉದ್ದ, ಎಲ್ಲಕ್ಕಿಂತ ಮುಖ್ಯವಾಗಿ ಯಾರ ಸ್ಪಂಜ್ ಕೇಕ್ ಮೃದು ಎಂದು ಅಲ್ಲಿ ತೀರ್ಮಾನವಾಗುತ್ತದೆ. ಆರು ವರ್ಷದಿಂದ ಮೊದಲ ಬಹುಮಾನದ ಕೆಂಪು ಚೀಟಿ ಪಕ್ಕದ ಮನೆಯ ಮಿಸೆಸ್ ಥ್ಯಾಕ್ರಿಗೆ, ಎರಡನೆಯದು ಸಾಮಾನ್ಯವಾಗಿ ಹಿಲ್ಡಾಗೆ. ಹೋದ ವರ್ಷ ಹಿಲ್ಡಾಳ ಕೇಕ್ ಗೆಲ್ಲುವುದು ಗ್ಯಾರಂಟಿ ಇತ್ತು. ಅದನ್ನು ಕೈಯಾರೆ ಹೊತ್ತು ತಂದ ಕ್ಲೆಮ್ ಡೇರೆಯ ಬಾಗಿಲಲ್ಲಿದ್ದಾಗ ತಲೆಯ ಮೇಲೆ ನಾಲ್ಕು ಎಂಜಿನ್ನಿನ ಲ್ಯಾಂಕಾಸ್ಟರ್ ಬಾಂಬರ್ ಬಂತು! ಕ್ಲೆಮ್ ಮೇಲೆ ನೋಡಿದ, ಡೇರೆಯ ಹಗ್ಗ ಕೆಳಗಿತ್ತು. ಕೇಕ್ ಹಾರಿತು, ಕ್ಲೆಮ್ ಇಳಿದ. ಹಿಲ್ಡಾಗೆ ಆ ವರ್ಷ ಎರಡನೆಯ ಬಹುಮಾನವೂ ಇಲ್ಲ.

ಅವನೊಬ್ಬನನ್ನೇ ಬೈದೇನು ಪ್ರಯೋಜನ? ಎರಡನೇ ಮಹಾಯುದ್ಧ ಮುಗಿದು ಎಂಬತ್ತು ವರ್ಷವಾದರೂ, ಅಂದಿನ ವಿಮಾನಗಳ ತುಕ್ಕು ಕೆರೆದು, ಮೊಳೆಗೆ ಮೊಳೆ ಕೂಡಿಸಿ ಮತ್ತೆ ಹಾರಿಸುವ ಪುಣ್ಯಾತ್ಮರು ನಮ್ಮ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ಆ ವಿಮಾನಗಳು ಯಾವಾಗ ಯಾರ ಹೆಂಚಿನ ಮೇಲೆ ಬರುತ್ತವೋ, ಹೇಳಿ ಕೇಳಿ ಬರುವುದಿಲ್ಲ. ಸದ್ದು ಕೇಳಿದರೆ ಸಾಕು, ಕ್ಷೌರಿಕ ಅರ್ಧ ಗಡ್ಡ ಬಿಟ್ಟು, ಪಾದ್ರಿ ಅರ್ಧ ಪ್ರಾರ್ಥನೆ ಬಿಟ್ಟು ಬೀದಿಗೆ ಓಡಿ ಬರುತ್ತಾರೆ. ಇನ್ನು ಕ್ಲೆಮ್! ಅಂಚೆ ಹಂಚಿ ನಿವೃತ್ತನಾದ ಮೇಲೆ ಅವನಿಗೆ ಅದೇ ಕಸುಬು. ನೋಡಿದ ವಿಮಾನಗಳ ಪಟ್ಟಿಯ ನಲವತ್ತೊಂದನೆಯ ಪುಸ್ತಕ ಅವನ ಜೇಬಿನಲ್ಲಿತ್ತು. ವಿಮಾನ, ದಿನ, ಹೊತ್ತು, ನೋಡಿದವರು, ಎಲ್ಲವನ್ನೂ ಇಂಕಿನಲ್ಲೇ ಬರೆಯುತ್ತಿದ್ದ. "ಪೆನ್ಸಿಲ್ ಯಾಕೆ? ನಾನು ತಪ್ಪೋ ಪೈಕಿನಾ?" ಎನ್ನುತ್ತಿದ್ದ.

ಒಂಬತ್ತು ಗಂಟೆಗೆ ಹಿಲ್ಡಾ ಹಿಟ್ಟಿನ ಎರಡು ತಟ್ಟೆಗಳನ್ನು ಓವನ್ನಿನಲ್ಲಿಟ್ಟು ಕೋಟು ಹಾಕಿಕೊಂಡಳು. ಈ ಸಲದ ಪ್ರದರ್ಶನ ಡೇರೆಯಲ್ಲಲ್ಲ, ಊರಿನ ಸಭಾಭವನದಲ್ಲಿ; ಅಲ್ಲಿ ಚಹಾದ ಕೆಲಸ ಅವಳದು.

"ಇಪ್ಪತ್ತೈದು ನಿಮಿಷ. ಅಲ್ಲಿವರೆಗೂ ಬಾಗಿಲು ತೆಗೀಬೇಡ, ಗಾಳಿ ತಾಗಿದ್ರೆ ಕೇಕ್ ಕೂತ್ಹೋಗುತ್ತೆ. ಇಪ್ಪತ್ತೈದಕ್ಕೆ ತೆಗಿ. ಆರಿಸಿ, ರಾಸ್‌ಬೆರಿ ಜಾಮ್ ಹಚ್ಚಿ, ಹನ್ನೊಂದರೊಳಗೆ ತಂದ್ಬಿಡು. ಆಗುತ್ತಾ?"

"ನಲವತ್ತು ವರ್ಷ ಕಾಗದ ಹಂಚಿದೀನಿ, ಒಂದೂ ತಡ ಆಗಿಲ್ಲ. ಒಂದು ಕೇಕ್ ತರೋದು ಹೆಚ್ಚಾ?"

"ಕಾಗದ ಸೀದುಹೋಗಲ್ಲ ಮಾರಾಯ. ದುರ್ಬೀನು ಕೊಡಿಲ್ಲಿ. ಅಡ ಇರ್ಲಿ. ಕೇಕ್ ಕೆಟ್ರೆ ಇದೂ, ನಿನ್ನ ನಲವತ್ತೊಂದು ಪುಸ್ತಕಾನೂ ಹಳೇ ಸಾಮಾನಿನ ಮಳಿಗೆಗೆ ಹೋಗುತ್ತೆ!"

ದುರ್ಬೀನು ಅವಳ ಕೈಚೀಲ ಸೇರಿತು.

ಕ್ಲೆಮ್ ಏನು ಸಾಮಾನ್ಯನೇ! ಆಕಾಶ ಕಾಣಲೇಬಾರದೆಂದು ಅಡುಗೆಮನೆಯ ಪರದೆ ಎಳೆದ. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದ. ಓವನ್ನಿನ ಶಾಖಕ್ಕೆ ಮಸುಕಾದ ಕನ್ನಡಕ ತೆಗೆದಿಟ್ಟು, ಹಿಲ್ಡಾಳ ಹೂವಿನ ಏಪ್ರನ್ ಕಟ್ಟಿ, ಓವನ್ನಿನ ಮುಂದೆ ತಪಸ್ಸಿಗೆ ಕೂತ. ಐದು ನಿಮಿಷ. ಹತ್ತು. ಇಪ್ಪತ್ತು. ಕೇಕು ಉಬ್ಬಿದ ಹಾಗೆ ಕ್ಲೆಮ್ಮಿನ ಎದೆಯೂ ಉಬ್ಬಿತು.

ಇಪ್ಪತ್ತೆರಡನೆಯ ನಿಮಿಷಕ್ಕೆ ಕಪಾಟಿನೊಳಗಿನ ಬಸಿಗಳು ಕಿಣಿಕಿಣಿ ಅಂದವು.

ದೂರದಿಂದ ಗುಡುಗಿನಂಥ ಸದ್ದು. ಅಯ್ಯೋ, ಆ ಸದ್ದು! ಹೊಟ್ಟೆಯೊಳಗಿಂದಲೇ ಬಂದ ಹಾಗಿತ್ತು! ಹಳೇ ಯುದ್ಧವಿಮಾನದ ಮರ್ಲಿನ್ ಎಂಜಿನ್! ಇವತ್ತಿನ ಹಾರಾಟದ ಯಾವ ಪಟ್ಟಿಯಲ್ಲೂ ಇಲ್ಲದ್ದು, ಹೇಳದೆ ಕೇಳದೆ, ನೇರ ಅವನ ಮನೆಯ ಮೇಲೆ! ಕ್ಲೆಮ್ ಕಿವಿ ಮುಚ್ಚಿಕೊಂಡ. ಕಾಲು ಮುಚ್ಚಿಕೊಳ್ಳಲು ಆಗುತ್ತದೆಯೇ? ಅವು ಎದ್ದು ಹೊರಟೇಬಿಟ್ಟವು. ಮುಂಬಾಗಿಲಿನಿಂದ ಬೀದಿಗೆ ಹಾರಿ ಕತ್ತೆತ್ತಿದ. ಚರ್ಚಿನ ಗೋಪುರಕ್ಕೆ ತಾಗುವಷ್ಟು ಕೆಳಗೆ, ಹಸಿರು ಕಂದು ಮೈಯ ಒಂದು ದೊಡ್ಡ ನೆರಳು ಭೋರೆಂದು ಬಂದು, ಅವನ ತಲೆಗೂದಲು ನೇವರಿಸಿದಂತೆ ದಾಟಿತು. ಕ್ಲೆಮ್ಮಿಗೆ ಕಣ್ಣಲ್ಲಿ ನೀರು ಬಂತು.

"ಸ್ಪಿಟ್‌ಫೈರ್!" ಯುದ್ಧಕಾಲದ ವಿಮಾನಗಳ ರಾಜನ ಹೆಸರನ್ನು ಬೀದಿಗೆಲ್ಲ ಕೇಳುವಂತೆ ಕೂಗಿದ. "ಸ್ಪಿಟ್‌ಫೈರ್!"

"ಹೌದಾ ಹ್ಯಾಡ್ಲಿಯವರೇ? ಅಬ್ಬಬ್ಬಾ!" ಪಕ್ಕದ ಅಂಗಳದಲ್ಲಿ ಮಿಸೆಸ್ ಥ್ಯಾಕ್ರಿ, ಎರಡೂ ಕೈಗೆ ಓವನ್ನಿನ ಕೈಗವಸು ಹಾಕಿಕೊಂಡು, ಬಾಯಿ ಬಿಟ್ಟು ನಿಂತಿದ್ದಳು.

"ಕಣ್ಣು ಮುಚ್ಚಿದ್ರೂ ಹೇಳ್ತೀನಿ! ಆ ಎಂಜಿನ್ ಸದ್ದು ಸಾಕು!" ಜೇಬಿನಿಂದ ಪುಸ್ತಕ ತೆಗೆದು, ಇಂಕಿನಲ್ಲಿ ದಪ್ಪಕ್ಷರದಲ್ಲಿ ಬರೆದ.

ಆಗ ಹಿಂದಿನಿಂದ ಗಾಳಿ ಬೀಸಿತು. ಧಡಾರ್! ಅವನ ಮುಂಬಾಗಿಲು ತಾನೇ ಬೀಗ ಬೀಳುವಂಥದ್ದು. ಬೀಗದ ಕೈ ಒಳಗೆ, ಕನ್ನಡಕ ಒಳಗೆ, ಕೇಕು ಒಳಗೆ. ಹಿತ್ತಿಲಿಗೆ ಓಡಿದರೆ, ಅಗುಳಿ ಹಾಕಿದ ಮಹಾನುಭಾವ ಅವನೇ! ಉಳಿದದ್ದು ಅಡುಗೆಮನೆಯ ಅರೆ ತೆರೆದ ಕಿಟಕಿ. ಕ್ಲೆಮ್ ತಲೆ ತೂರಿಸಿದ, ಭುಜ ತೂರಿಸಿದ. ಹೊಟ್ಟೆಯ ಹತ್ತಿರ ಬಂಡಿ ನಿಂತಿತು. ಅತ್ತ ಪರದೆ ಮುಖಕ್ಕೆ ಸುತ್ತಿಕೊಂಡಿತು, ಇತ್ತ ಕಾಲು ಗುಲಾಬಿ ಗಿಡದ ಮೇಲೆ ಒದ್ದಾಡಿತು. ಮೂಗಿಗೆ ಸೀದ ವಾಸನೆ.

ಮಿಸೆಸ್ ಥ್ಯಾಕ್ರಿ ಓಡಿ ಬಂದು ಅವನ ಕಾಲು ಹಿಡಿದಳು. "ತಳ್ಲೋ, ಎಳೀಲೋ? ಬೇಗ ಹೇಳಿ!"

"ತಳ್ಳಿ! ನನ್ನ ಹೆಂಡ್ತಿ ಕೇಕು!"

ಅದೇ ಕ್ಷಣಕ್ಕೆ ಮತ್ತೆ ಆ ಗುಡುಗು. ವಿಮಾನ ತಿರುಗಿ ಬಂತು! ಎರಡನೆಯ ಸುತ್ತು! ಮೊದಲಿಗಿಂತ ಕೆಳಗೆ! ಎದುರಿಗೆ ಹೊಗೆಯಾಡುವ ಓವನ್, ಬೆನ್ನ ಮೇಲೆ ಸ್ವರ್ಗ. ಕ್ಲೆಮ್ ಒಂದೇ ಒಂದು ಉಸಿರಿನಷ್ಟು ಯೋಚಿಸಿದ.

"ಎಳೀರಿ!" ಎಂದು ಕಿರುಚಿದ. "ಹೊರಗೆ ಎಳೀರಿ, ಮಿಸೆಸ್ ಥ್ಯಾಕ್ರಿ!"

ಅವಳು ಎಳೆಯಲಿಲ್ಲ. ಅವಳೂ ಕಾಲು ಬಿಟ್ಟು ಆಕಾಶ ನೋಡುತ್ತ ನಿಂತಿದ್ದಳು. ಸದ್ದು ದೂರವಾದ ಮೇಲೆ ಎಳೆದಳು. ಅಷ್ಟರಲ್ಲಿ ಅವಳ ಮನೆಯ ಕಿಟಕಿಯಿಂದಲೂ ಹೊಗೆ ಬರುತ್ತಿತ್ತು. "ಅಯ್ಯೋ, ನಂದೂ!" ಎಂದವಳೇ ಓಡಿದಳು.

ಕೊನೆಗೆ ಕಿಟಕಿಯ ಚೌಕಟ್ಟನ್ನೇ ಕಿತ್ತು ಕ್ಲೆಮ್ ಒಳಗೆ ಬಿದ್ದ. ಓವನ್ನಿನಿಂದ ಹೊರಬಂದದ್ದು ಎರಡು ಕಪ್ಪು ಬಿಲ್ಲೆಗಳು. ಮನಸ್ಸು ಒಪ್ಪದೆ ಅವಕ್ಕೂ ಜಾಮ್ ಹಚ್ಚಿ, ಅಪರಾಧಿಯ ಹಾಗೆ ತಲೆ ತಗ್ಗಿಸಿ ಸಭಾಭವನಕ್ಕೆ ಹೊರಟ. ಅಂದು ಅವನು ನೆಲ ನೋಡಿ ನಡೆದದ್ದು ಆಗಲೇ. ಆರು ವರ್ಷದ ಆಸೆಯನ್ನು ಎರಡನೆಯ ಸಲ ಮಣ್ಣುಪಾಲು ಮಾಡಿದೆನಲ್ಲಾ ಎಂದು ಅವನಿಗೆ ನಿಜವಾಗಿ ಸಂಕಟವಾಯಿತು.

ಅಲ್ಲಿ ಕೇಕಿನ ಮೇಜಿನ ಮೇಲೆ ಹನ್ನೊಂದು ಹೆಸರಿನ ಚೀಟಿಗಳಿದ್ದವು, ಕೇಕುಗಳು ನಾಲ್ಕೇ; ಮಿಕ್ಕವರೂ ವಿಮಾನ ನೋಡಲು ಓಡಿದ್ದರು. ಅದರಲ್ಲಿ ಮೂರು ಹಳ್ಳ ಬಿದ್ದಿದ್ದವು. ನಾಲ್ಕನೆಯದು ಚಿನ್ನದ ಬಣ್ಣದ್ದು, ಅರಳಿದ ಹಾಗಿತ್ತು. ಅದರ ಮುಂದೆ ಕೆಂಪು ಚೀಟಿ: ಹಿಲ್ಡಾ ಹ್ಯಾಡ್ಲಿ.

ಕ್ಲೆಮ್ ತನ್ನ ಕೈಯ ಕಪ್ಪು ಬಿಲ್ಲೆ ನೋಡಿದ, ಮೇಜು ನೋಡಿದ. "ಹಿಲ್ಡಾ! ಹಾಗಾದ್ರೆ ಇದೇನು?"

"ಅದು ನಿಂದು," ಎಂದಳು ಹಿಲ್ಡಾ, ಚಹಾ ಬಗ್ಗಿಸುತ್ತ. "ನಂದು ಇಲ್ಲೇ, ಈ ಭವನದ ಓವನ್ನಲ್ಲಿ ಬೇಯಿಸ್ದೆ. ನಿನ್ನನ್ನ ನನ್ನ ಕೇಕಿಂದ ದೂರ ಇಡೋಕೆ ನಿನ್ನ ಕೈಗೂ ಒಂದು ಕೇಕ್ ಕೊಡಬೇಕಿತ್ತಲ್ಲ!"

"ವಿಮಾನ ಬರುತ್ತೆ ಅಂತ ನಿನಗೆ ಗೊತ್ತಿತ್ತಾ?"

"ಇಲ್ಲ. ನೀನು ಆಕಾಶ ನೋಡ್ತೀಯ ಅಂತ ಗೊತ್ತಿತ್ತು. ವಿಮಾನ ಬರದಿದ್ರೆ ನೀನು ಕಾಗೆ ನೋಡ್ಕೊಂಡಾದ್ರೂ ಸೀಯಿಸ್ತಿದ್ದೆ."

ಕ್ಲೆಮ್ ಸೋಲೊಪ್ಪಿಕೊಂಡು ಪುಸ್ತಕ ಮುಂದೆ ಚಾಚಿದ. "ತಗೋ. ಮಳಿಗೆಗೆ ಹಾಕು. ಆದ್ರೆ ಹಿಲ್ಡಾ, ಎಂಥಾ ಸ್ಪಿಟ್‌ಫೈರ್ ಗೊತ್ತಾ! ನೀನು ನೋಡಬೇಕಿತ್ತು!"

"ನೋಡಿದೆನಲ್ಲ. ಓವನ್ ಮುಂದೆ ನಿಂತ್ಕೊಂಡೇ, ಕಿಟಕಿಯಿಂದ, ಎರಡು ಸಲಾನೂ." ಕೈಚೀಲದಿಂದ ದುರ್ಬೀನು ತೆಗೆದು ಮೇಜಿನ ಮೇಲಿಟ್ಟಳು. "ಪರದೆ ಎಳ್ಕೊಳ್ಳದಿದ್ರೆ ಚೆನ್ನಾಗಿ ಕಾಣುತ್ತೆ. ದಪ್ಪ ರೆಕ್ಕೆ, ಗೂನು ಬೆನ್ನು. ಅದು ಸ್ಪಿಟ್‌ಫೈರ್ ಅಲ್ಲ, ಅದರ ಜೊತೆಗಾರ ವಿಮಾನ, ಹರಿಕೇನ್."

"ಸಾಧ್ಯವೇ ಇಲ್ಲ! ಆ ಎಂಜಿನ್ ಸದ್ದು…"

"ಎರಡಕ್ಕೂ ಒಂದೇ ಎಂಜಿನ್ ಅಂತ ಮದುವೆಯಾದ ದಿನದಿಂದ ನನ್ನ ತಲೆ ತಿಂದೋನು ನೀನೇ ತಾನೇ?"

ಚಹಾದ ಸಾಲಿನಲ್ಲಿದ್ದವರೆಲ್ಲ ನಕ್ಕರು, ಮಿಸೆಸ್ ಥ್ಯಾಕ್ರಿಯೇ ಎಲ್ಲರಿಗಿಂತ ಜೋರಾಗಿ. ಹಿಲ್ಡಾ ಪುಸ್ತಕವನ್ನು ಗಂಡನ ಕೈಗೇ ವಾಪಸ್ ಕೊಟ್ಟು, ಮಗ್ಗಿ ಬರೆಸುವ ಮೇಡಂ ಹಾಗೆ ಬೆರಳು ತೋರಿಸಿದಳು. ಕ್ಲೆಮ್ ದಪ್ಪಕ್ಷರದ ಸ್ಪಿಟ್‌ಫೈರನ್ನು ಹೊಡೆದುಹಾಕಿದ. ಅದರ ಕೆಳಗೆ ಅವಳು ಹೇಳಿದಂತೆ ಬರೆದುಕೊಂಡ: "ಹರಿಕೇನ್. ನೋಡಿದವರು: ಹಿಲ್ಡಾ ಹ್ಯಾಡ್ಲಿ."