ಹೊಗಿಹಡಗಿನ ಮಾವ

ನನ್ನ ಸೋದರಮಾವನಷ್ಟು ಹಡಗು ಬಲ್ಲವರು ಹರಪನಹಳ್ಳಿ ತಾಲ್ಲೂಕಿನಲ್ಲೇ ಇಲ್ಲ. ಸಮುದ್ರ ಮಾತ್ರ ನೋಡಿರಲಿಲ್ಲ, ಅಷ್ಟೇ! ಹಲವಾಗಲಿನ ಹೊಳೆದಂಡೆಯಲ್ಲೇ ಎಪ್ಪತ್ತು ದಾಟಿದರೂ ತೆಪ್ಪ ಹತ್ತಿದರೆ ಕಣ್ಣು ಮುಚ್ಚಿಕೊಳ್ಳುವ ಆಸಾಮಿ.

ಈ ಹುಚ್ಚಿಗೆ ಕಾರಣ ಅವರ ಮುತ್ತಜ್ಜನ ತಮ್ಮ. ವಿಕ್ಟೋರಿಯಾ ರಾಣಿಯ ಕಾಲದ ಬರದಲ್ಲಿ ಮನೆಮಂದಿಯೆಲ್ಲ ಸತ್ತು, ಉಳಿದ ಅಣ್ಣತಮ್ಮಂದಿರಿಬ್ಬರು ಮದರಾಸು ಸೇರಿದರಂತೆ. ಆಫ್ರಿಕಾದ ಕಬ್ಬಿನ ತೋಟಗಳಿಗೆ ಕೂಲಿಯಾಳು ಬೇಕಿತ್ತು. ಅಣ್ಣನಿಗೆ ಜ್ವರ, ಡಾಕ್ಟರು ಬೇಡವೆಂದರು. ಹದಿನಾರರ ತಮ್ಮನನ್ನು ಹತ್ತಿಸಿಕೊಂಡರು.

"ಇದು ಹಾಯಿಹಡಗಲ್ಲ, ಹೊಗಿಹಡಗು. ಗಾಳಿ ಕಾಯಂಗಿಲ್ಲ. ಹೋದಷ್ಟ ಜಲ್ದಿ ಬರ್ತಾನ" ಎಂದು ಆಳು ಕೂಡಿಸುವವನು ಅಣ್ಣನಿಗೆ ಸಮಾಧಾನ ಹೇಳಿದ. ತಮ್ಮ ಬರಲಿಲ್ಲ. ಸುದ್ದಿಯೂ ಬರಲಿಲ್ಲ.

ಮಾವ ಈ ಕಥೆಯನ್ನು ಎಲ್ಲಿ ಬೇಕಾದರೂ ಬಿಚ್ಚುತ್ತಿದ್ದರು. ಒಮ್ಮೆ ತೆಲಿಗಿ ಹತ್ತಿರ ಬಸ್ಸು ಕೆಟ್ಟು ನಿಂತಿತು. ಜನ ಸೆಕೆಗೆ ಒದ್ದಾಡುತ್ತಿದ್ದರೆ ಮಾವ ಎದ್ದು ನಿಂತರು.

"ಹಾಯಿಹಡಗು ತಿಂಗಳುಗಟ್ಲೆ ಹೋಗತಿತ್ರಿ. ನೀರು ಕೆಟ್ಟು, ವಾಂತಿಭೇದಿ ಹತ್ತಿ ಮಂದಿ ದಾರ್ಯಾಗ ಸಾಯ್ತಿದ್ರು. ಹೊಗಿಹಡಗು ಬಂದಮ್ಯಾಲೆ ಮೂರ್ನಾಲ್ಕು ವಾರದ ಮಾತು. ಜಲ್ದಿ ಮುಟ್ಟತೈತಿ ಅಂತ ಇನ್ನಷ್ಟು ಮಂದೀನ್ನ ತುಂಬಿ ಕಳಿಸಿದ್ರು."

"ಯಜಮಾನ್ರ, ನಮ್ಮ ಬಸ್ಸು ಯಾವಾಗ ಮುಟ್ಟತೈತ್ರಿ?" ಎಂದಳು ಪಕ್ಕದ ಮುದುಕಿ.

"ಗಾಳಿ ಬೀಸಿದಮ್ಯಾಲೆ" ಎಂದರು ಮಾವ.

ಹಿರಿಯರ ಹಬ್ಬದಲ್ಲಿ ಸತ್ತವರಿಗೆಲ್ಲ ಎಡೆ. ಆ ತಮ್ಮನಿಗೆ ಮಾತ್ರ ಮಾವ ಇಡಗೊಡುತ್ತಿರಲಿಲ್ಲ. "ಸತ್ತ ಸುದ್ದಿ ಬಂದೈತೇನು?" ಇದ್ದಿದ್ದರೆ ನೂರೈವತ್ತು ದಾಟಿರುತ್ತಿತ್ತಲ್ಲ ಎಂದು ಅತ್ತೆ ಅಂದರೆ, "ನಿಮ್ಮ ತವರಿನವ್ರು ಲಗೂನ ಹೋಗ್ತಾರ. ನಮ್ಮಂದಿ ಗಟ್ಟಿ" ಎನ್ನುವರು.

ಹೋದ ವರ್ಷ ಮಗಳನ್ನು ಕಾಲೇಜಿಗೆ ಸೇರಿಸಲು ನಾನು ಚೆನ್ನೈಗೆ ಹೊರಟಾಗ ಮಾವನೂ ಬಂದರು. ಸಮುದ್ರದ ದಂಡೆಗೆ ಕರೆದೊಯ್ದೆ. ದೂರದಲ್ಲೊಂದು ಹಡಗು ಹೋಗುತ್ತಿತ್ತು. ಇನ್ನೇನು, ಭಾಷಣ ಶುರು ಎಂದುಕೊಂಡೆ. ಮಾವ ಧೋತರ ಎತ್ತಿಕೊಂಡು ನನ್ನ ಜೊತೆ ನೀರಿನಂಚಿಗೆ ನಡೆದರು. ನೀರು ಪಾದಕ್ಕೆ ತಾಗಿದಾಗ ನನ್ನ ಕೈ ಗಟ್ಟಿಯಾಗಿ ಹಿಡಿದರು.

"ಯವ್ವಾ, ಆಕಡಿ ದಂಡೀನ ಕಾಣವಲ್ದಲ್ಲ."

"ಹೌದು ಮಾವ."

ಹಿಡಿದ ಕೈ ಬಿಡಲಿಲ್ಲ.

"ಹಡಗು ಎಷ್ಟು ಜೋರು ಹೋಗತಿತ್ತು ಅಂತ ಇಷ್ಟು ವರ್ಷ ಹೇಳಿದೆ. ಆ ಹುಡುಗ ಎಷ್ಟು ಅಂಜಿದ್ನೋ ಏನೋ. ಅವನ ಕೈ ಯಾರು ಹಿಡಕೊಂಡಿದ್ರು?"

ಸೆರಗಿನಿಂದ ಅವರ ಕಣ್ಣು ಒರೆಸಿದೆ.