ಹಲಸಿನ ಮರದ ಜೊತೆ ಹಗ್ಗಜಗ್ಗಾಟ

ಈ ಸಲದ ಓಣಂ ಹಗ್ಗಜಗ್ಗಾಟದಲ್ಲಿ ಗಂಡಂದಿರನ್ನು ಗೆಲ್ಲಿಸುವವನು ನ್ಯೂಟನ್, ನಾನು ನಿಮಿತ್ತ ಮಾತ್ರ ಎಂದು ಬೋವಿಕಾನದ ನಮ್ಮ ರೆಸಿಡೆಂಟ್ಸ್ ಅಸೋಸಿಯೇಷನ್ನಿನ ಸಭೆಯಲ್ಲಿ ಘೋಷಿಸಿಬಿಟ್ಟೆ. ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಒಂದು ಸೂತ್ರವನ್ನೂ ಮರೆತಿರಲಿಲ್ಲ. ಒಂದನ್ನೂ ಉಪಯೋಗಿಸಿಯೂ ಇರಲಿಲ್ಲ.

ಪಂದ್ಯ ಗಂಡಂದಿರಿಗೂ ಹೆಂಡತಿಯರಿಗೂ. ಗೆದ್ದವರು ಮೊದಲ ಪಂಕ್ತಿಯಲ್ಲಿ ಕೂತು ಬಿಸಿ ಊಟ ಮಾಡುವುದು. ಸೋತವರು ಬಡಿಸಿ, ಕೊನೆಗೆ ಉಳಿದದ್ದನ್ನು ಉಣ್ಣುವುದು. ಹದಿಮೂರು ವರ್ಷ ನಮ್ಮ ಹೊಟ್ಟೆಗಳ ತೂಕವೇ ನಮ್ಮನ್ನು ಗೆಲ್ಲಿಸಿತ್ತು. ಆದರೆ ಈ ಸಲ ನನ್ನ ಹೆಂಡತಿ ಜಲಜಾಕ್ಷಿ ತನ್ನ ಕುಡುಂಬಶ್ರೀ ಸಂಘದ ಹೆಂಗಸರನ್ನು ಕಟ್ಟಿಕೊಂಡು ತಿಂಗಳಿಂದ ಅಭ್ಯಾಸಕ್ಕಿಳಿದಿದ್ದಳು. ಬಿಸಿ ಅಡೆಪಾಯಸದ ಭವಿಷ್ಯ ಅಪಾಯದಲ್ಲಿತ್ತು.

"ಎಂತ ಮಾಡುವ ಮಾಸ್ಟ್ರೇ?" ಎಂದ ಪಕ್ಕದ ಮನೆಯ ಒಸ್ವಾಲ್ಡ್.

"ಹಗ್ಗ ಎಳೆಯುವುದು ಕೈಯಲ್ಲ ಒಸ್ವಾಲ್ಡ್, ಕಾಲು. ನಾವು ಎಳೆದಷ್ಟೇ ಬಲದಲ್ಲಿ ಹಗ್ಗ ಅವರನ್ನೂ ಎಳೆಯುತ್ತದೆ, ನಮ್ಮನ್ನೂ ಎಳೆಯುತ್ತದೆ. ನೆಲವನ್ನು ಯಾರು ಜೋರಾಗಿ ಒದೆಯುತ್ತಾರೋ ಅವರು ಗೆಲ್ಲುತ್ತಾರೆ."

"ಹಾಗಾದ್ರೆ ಸೋತ ಹಾಗೆಯೇ. ನೆಲ ಒದೆಯುವುದರಲ್ಲಿ ನನ್ನ ತೆರೆಜಾಳನ್ನು ಮೀರಿಸುವವರಿಲ್ಲ."

ನಾನು ಅಧೀರನಾಗಲಿಲ್ಲ. ಪ್ರತಿ ಸಂಜೆ ನಮ್ಮ ಅಂಗಳದ ಹಲಸಿನ ಮರಕ್ಕೆ ಹಗ್ಗ ಕಟ್ಟಿ, ತಂಡದ ಉಳಿದ ಐವರು ಗಂಡಂದಿರನ್ನು ಹಿಂದಕ್ಕೆ ಬಾಗಿಸಿ ನಿಲ್ಲಿಸಿದೆ. ಕಪ್ಪುಹಲಗೆಯ ದೊಡ್ಡ ಕೋನಮಾಪಕ ಹಿಡಿದು ಒಬ್ಬೊಬ್ಬರನ್ನೂ ಅಳೆದೆ. ನಲವತ್ತೈದು ಡಿಗ್ರಿ! ತುದಿಯಲ್ಲಿ ನೂರನಾಲ್ಕು ಕಿಲೋದ ಲೋಕಯ್ಯ. ಹಾಗೆ ಬಾಗಿ ನಿಂತರೆ ಬಹಳ ಸುಖವಾಗುತ್ತದೆಂದು ಎಲ್ಲರೂ ಒಪ್ಪಿದರು. ಒಸ್ವಾಲ್ಡ್ ಒಮ್ಮೆ ತೂಕಡಿಸಿಯೂ ಬಿಟ್ಟ.

ಚಹಾ ತಂದ ಜಲಜಾಕ್ಷಿ ಕೇಳಿದಳು, "ಮರ ಎಂತ ಹೇಳ್ತದೆ?"

"ನಮ್ಮನ್ನು ಒಂದಿಂಚು ಅಲುಗಿಸಲಿಕ್ಕೆ ಅದರಿಂದ ಆಗಲಿಲ್ಲ."

"ಪಾಪ, ಅದು ಪ್ರಯತ್ನ ಮಾಡಿತ್ತಾ?"

ಅವಳು ನಮ್ಮ ಹಿಮ್ಮಡಿಗಳನ್ನು ನೋಡಿದಳು, ತಲೆಗಳನ್ನು ನೋಡಿದಳು, ಲೋಟ ಎತ್ತಿಕೊಂಡು ಹೊರಟಳು. ಹೋಗುವಾಗ ನಡಿಗೆಯಲ್ಲೊಂದು ಉಲ್ಲಾಸವಿತ್ತು. ಚಹಾ ಚೆನ್ನಾಗಿದೆ ಎಂದದ್ದಕ್ಕೆ ಇರಬೇಕೆಂದುಕೊಂಡೆ.

ಓಣಂ ದಿನ ಸೀಟಿ ಮೊಳಗಿತು. ಆರು ಗಂಡಂದಿರು ಸಮುದ್ರದ ಗಾಳಿಗೆ ಬಾಗಿದ ತೆಂಗುಗಳಂತೆ ಒಂದೇ ಕೋನದಲ್ಲಿ ಹಿಂದಕ್ಕೆ ಬಾಗಿದೆವು. ಹಗ್ಗದ ನಡುವಿನ ಕೆಂಪು ಬಟ್ಟೆ ನಮ್ಮತ್ತ ಬರತೊಡಗಿತು.

"ಇನ್ನೂ ಬಾಗಿ," ಎಂದೆ.

ಆ ಬದಿಯಿಂದ ಜಲಜಾಕ್ಷಿಯ ಸ್ವರ ಕೇಳಿತು. "ತೆರೆಜಾ, ಈಗ."

ಅವರು ಹಗ್ಗ ಬಿಡಲಿಲ್ಲ. ಆರೂ ಮಂದಿ ಒಟ್ಟಿಗೆ ಅರ್ಧ ಹೆಜ್ಜೆ ಮುಂದಕ್ಕೆ ಬಂದರು, ಅಷ್ಟೆ.

ಹಗ್ಗ ಸಡಿಲಾದಾಗಲೇ ನನಗೆ ಹೊಳೆದದ್ದು: ನಾವು ಅಷ್ಟು ಗತ್ತಿನಿಂದ ಹಿಂದಕ್ಕೊರಗಿ ನಿಂತದ್ದು, ಅವರು ಆ ತುದಿಯಲ್ಲಿ ಹಿಡಿದುಕೊಂಡಿದ್ದರಿಂದ. ಜ್ಞಾನೋದಯ ಪೂರ್ತಿಯಾಗುವ ಮೊದಲೇ ನಾನು ಒಸ್ವಾಲ್ಡನ ಮೇಲಿದ್ದೆ, ಒಸ್ವಾಲ್ಡ್ ಇನ್ನೊಬ್ಬನ ಮೇಲೆ, ಎಲ್ಲರ ಅಡಿಯಲ್ಲಿ ಲೋಕಯ್ಯ. ಎದ್ದು ಕಾಲೂರಲು ಬಿಟ್ಟರೆ ತಾನೇ? ಒದ್ದೆ ಹುಲ್ಲಿನ ಮೇಲೆ ನಮ್ಮನ್ನು ಗೊಬ್ಬರದ ಗೋಣಿಗಳಂತೆ ಎಳೆದು ಗೆರೆ ದಾಟಿಸಿದರು.

"ಇದು ಮೋಸ," ಎಂದೆ ಮಲಗಿದಲ್ಲಿಂದಲೇ.

"ಎಂತ ಮೋಸ?" ಎಂದಳು ಜಲಜಾಕ್ಷಿ. "ನೀವು ಮರದ ಹತ್ತಿರ ಕಲಿತದ್ದು ಮಾರಾಯ್ರೆ. ನಮಗೆ ಕಾಲು ಉಂಟು."

ಊಟದ ಹೊತ್ತಿಗೆ ಹೆಂಡತಿಯರು ಮೊದಲ ಪಂಕ್ತಿಯಲ್ಲಿ ಕೂತರು. ಪಾಯಸದ ಬಕೆಟ್ ಹಿಡಿದು ನಾನು ಜಲಜಾಕ್ಷಿಯ ಎಲೆಯೆದುರು ಕಂಬದಂತೆ ನಿಂತೆ.

"ಬಗ್ಗಿ ಬಡಿಸಿ."

"ಸೊಂಟ ಹಿಡಿದಿದೆ."

"ನನ್ನದು ಪ್ರತಿ ಓಣಂಗೂ ಹಿಡೀತದೆ. ಬಗ್ಗಿ."

ಬಗ್ಗಿದೆ. ಎಷ್ಟು ಡಿಗ್ರಿ ಎಂದು ಅಳೆಯುವ ಧೈರ್ಯವಾಗಲಿಲ್ಲ. ಅವಳು ಪಾಯಸಕ್ಕೆ ಬೆರಳದ್ದಿ ಫಕ್ಕನೆ ಎತ್ತಿ, ಉಫ್ ಎಂದು ಊದಿ, ಪಕ್ಕದ ತೆರೆಜಾಳ ಕಡೆ ತಿರುಗಿದಳು.

"ಹೌದಾ ತೆರೆಜಾ, ಇದು ಬಿಸಿ ಇರ್ತದಾ? ನಾನು ಇಷ್ಟು ವರ್ಷ ತಣ್ಣಗೆ ತಿನ್ನುವ ಪದಾರ್ಥ ಅಂತಲೇ ಗ್ರಹಿಸಿದ್ದೆ."